ಕುಕ್ಕರ್ ಗುರುತು

ಮಂಡಕ್ಕಿ ಭಟ್ಟಿಯವನ ಬೆರಳಿಗೆ
ಮಸಿ ಹಚ್ಚುವುದು ಸುಲಭವಲ್ಲ.
ಕಳೆದ ದೊಡ್ಡ ಓಟಿನಲ್ಲಿ ಆ ಮೇಡಂ
ನನ್ನ ಎಡಗೈ ತೋರುಬೆರಳು ಒರೆಸಿ, ಮತ್ತೆ ಒರೆಸಿ,
‘ಏನಪ್ಪಾ, ಮೊದಲೇ ಒಮ್ಮೆ ಹಾಕಿ ಬಂದೀಯೇನು?’ ಎಂದರು.
‘ಹೊಟ್ಟಿನ ಹೊಗೆ ಮೇಡಂ, ಇಪ್ಪತ್ತಾರು ವರ್ಷದ್ದು.
ಅದರ ಮ್ಯಾಲೇ ಹಚ್ಚಿಬಿಡ್ರಿ.’
ಸಾಲಿನಲ್ಲಿದ್ದವರು ನಕ್ಕರು. ನಾನೂ ನಕ್ಕೆ.

ದೊಡ್ಡ ಓಟು ನಾನು ಒಮ್ಮೆಯೂ ತಪ್ಪಿಸಿದವನಲ್ಲ.
ಇಸ್ತ್ರಿ ಮಾಡಿದ ಅಂಗಿ, ಅವ್ವನಿಗೆ ಆಟೋ,
ದಾರಿಯುದ್ದಕ್ಕೂ ದೇಶದ ಮಾತು.
ಗಾಜಿನ ಹಿಂದೆ ಏಳು ಸೆಕೆಂಡು
ನನ್ನ ಚೀಟಿ ನನ್ನನ್ನೇ ನೋಡುತ್ತದೆ,
ಆಮೇಲೆ ಕತ್ತರಿಸಿಕೊಂಡು ಕತ್ತಲಿಗೆ ಬೀಳುತ್ತದೆ.
ಲಕ್ಷ ಲಕ್ಷಗಳಲ್ಲಿ ಒಂದು.
ಚೀಲದ ಬಾಯಿ ಹೊಲಿಯುವಾಗ ಹಾರಿಹೋದ ಕಾಳು;
ಯಾರೂ ಬಗ್ಗಿ ಎತ್ತಿಕೊಳ್ಳುವುದಿಲ್ಲ, ತೂಕವೂ ಇಳಿಯುವುದಿಲ್ಲ.
ಅದಕ್ಕೇ ಇರಬೇಕು, ಹೊರಬರುವಾಗ ಅಷ್ಟು ಹಗುರ.
ದೆಹಲಿಗೆ ಹೋಗಲಾರದೆ ಸೋತವರು
ನಮ್ಮ ಓಣಿಯಲ್ಲಿ ಎದುರಾಗಿ
‘ಚಾ ಆತೇನು ದಾದಾಪೀರಾ?’ ಎನ್ನುವುದಿಲ್ಲ.

ಗದಿಗೆಪ್ಪ ಎನ್ನುತ್ತಾನೆ.

ಸೈಕಲ್ ಶಾಪಿನ ಗದಿಗೆಪ್ಪ ವಾರ್ಡಿಗೆ ನಿಂತದ್ದು
ಯಾವ ಪಕ್ಷದ ಕಡೆಯಿಂದಲೂ ಅಲ್ಲ, ನಲ್ಲಿಯ ಕಡೆಯಿಂದ.
ಎಂಟು ದಿನಕ್ಕೊಮ್ಮೆ ನೀರು, ಅದೂ ನಡುರಾತ್ರಿ ಎರಡಕ್ಕೆ,
ಅದೂ ಮೊದಲರ್ಧ ಗಾಳಿ.
ಸಿಕ್ಕ ಗುರುತು ಕುಕ್ಕರ್.
ಹೊಸದಕ್ಕೆ ದುಡ್ಡಿಲ್ಲ, ಮನೆಯದನ್ನೇ ಬೂದಿ ಹಾಕಿ ತಿಕ್ಕಿ
ಬಗಲಲ್ಲಿಟ್ಟುಕೊಂಡು ಮನೆಮನೆಗೆ ಬಂದ.
ಹೊತ್ತು ಮುಳುಗಿದರೆ ಹೆಂಡತಿ ನೀಲವ್ವ
ಓಣಿಯ ತುದಿಯಿಂದ ಕೂಗುತ್ತಿದ್ದಳು:
‘ಪ್ರಚಾರ ಸಾಕು ಮಾಡ್ರಿ, ಬ್ಯಾಳಿ ಇಡಬೇಕು, ಕುಕ್ಕರ್ ಕೊಡ್ರಿ!’

ಓಟಿನ ದಿನ ಹುಬ್ಬಳ್ಳಿಯ ಲಾರಿ ಕಾದು ನಿಂತಿತ್ತು.
ನಲವತ್ತು ಚೀಲ.
ಮರಳು ಒಮ್ಮೆ ಕಾದಮೇಲೆ
ಅದಕ್ಕೆ ಸಂವಿಧಾನ ತಿಳಿಯುವುದಿಲ್ಲ.
‘ವಾರ್ಡಿನ ಓಟು ತಾನೆ,’ ಎಂದೆ. ನಾನೇ ಎಂದೆ.
ನಾನು, ಶಂಶಾದ್, ತಮ್ಮ ಮೌಲಾ, ಉಪ್ಪುನೀರು ಚಿಮುಕಿಸುತ್ತ ಅವ್ವ.
ತಲೆ ಎತ್ತಿದಾಗ ಐದು ದಾಟಿ
ಉರ್ದು ಶಾಲೆಯ ಗೇಟಿಗೆ ಚಿಲಕ ಬಿದ್ದಿತ್ತು.

ಗದಿಗೆಪ್ಪ ಮೂರು ಓಟಿಗೆ ಸೋತ.

ಲಕ್ಷದಲ್ಲಿ ಸೋತವರನ್ನು ಟೀವಿಯಲ್ಲಿ ಕಂಡಿದ್ದೆ.
ಮೂರರಲ್ಲಿ ಸೋತವನನ್ನು
ಅಷ್ಟು ಹತ್ತಿರದಿಂದ ಕಂಡಿರಲಿಲ್ಲ.
ಭಟ್ಟಿಯ ಕಟ್ಟೆಗೆ ಕೂತು ಬೆರಳು ಮಡಚಿ ಎಣಿಸಿದ:
ಗಾರೆ ಚೆನ್ನಪ್ಪ ಊರಲ್ಲಿರಲಿಲ್ಲ,
ಟೈಲರ್ ಮನೆಯವರು ಹರಿಹರಕ್ಕೆ ಮದುವೆಗೆ,
ಮೇಲಿನಮನೆ ಮುದುಕಿಗೆ ಚೀಟಿಯೇ ಮುಟ್ಟಲಿಲ್ಲ.
ನಮ್ಮ ಬಾಗಿಲಿಗೆ ಬಂದಾಗ ಎಣಿಕೆ ನಿಲ್ಲಿಸಿ,
‘ನೀವಂತೂ ಹಾಕೀರಿ ಬಿಡು,’ ಎಂದು
ನನ್ನ ಬೆರಳು ನೋಡಿದ.
ಕಪ್ಪಾಗಿಯೇ ಇತ್ತು.

ಅಂದಿನಿಂದ ರಾತ್ರಿ ಎಂಟರ ಸುಮಾರಿಗೆ
ಅವರ ಮನೆಯ ಕುಕ್ಕರ್ ಕೂಗುತ್ತದೆ.
ಒಂದು. ಎರಡು. ಮೂರು.
ನಮ್ಮ ಮನೆಯಲ್ಲಿ ಓಟು ನಾಲ್ಕು.

ಗೆದ್ದವನೇನು ಕೆಟ್ಟವನಲ್ಲ, ಒಂದು ಬೀದಿದೀಪ ಹಾಕಿಸಿದ.
ನೀರು ಒಂಬತ್ತನೆಯ ದಿನಕ್ಕೆ ಹೋಯಿತು.
ಆ ದೀಪದ ಕೆಳಗೇ ಕೊಡ ಹಿಡಿದು ನಿಂತಾಗ
ಗದಿಗೆಪ್ಪನಿಗೆ ಹೇಳಿಬಿಡಬೇಕು ಎಂದು
ಎಷ್ಟೋ ರಾತ್ರಿ ಬಾಯಿ ತೆರೆದಿದ್ದೇನೆ.
ಅಷ್ಟರಲ್ಲಿ ಪೈಪು ಕೆಮ್ಮುತ್ತಿತ್ತು,
ಎಲ್ಲರೂ ಕೊಡಕ್ಕೆ ಬಾಗುತ್ತಿದ್ದೆವು.

ಈ ಸಲದ ವಾರ್ಡ್ ಓಟಿಗೆ ಭಟ್ಟಿ ಆರಿಸಿ
ಏಳಕ್ಕೇ ನಾವು ನಾಲ್ವರೂ ಸಾಲಿನಲ್ಲಿ.
ಅವ್ವ ಹೊಸ ಸೀರೆ ಉಟ್ಟಿದ್ದಳು.
ಯಂತ್ರದ ಮೇಲೆ ಆಟೋ ಇತ್ತು, ತೆಂಗಿನಕಾಯಿ ಇತ್ತು,
ದೊಡ್ಡ ಪಕ್ಷಗಳ ದೊಡ್ಡ ಗುರುತುಗಳಿದ್ದವು.
ಕುಕ್ಕರ್ ಇಲ್ಲ ಎಂದು ಗೊತ್ತಿದ್ದೂ ಹುಡುಕಿದೆ.
(‘ಗ್ಯಾಸ್ಕೆಟ್ ಹೋಗೈತಿ,’ ಎಂದು ನಕ್ಕಿದ್ದ ಗದಿಗೆಪ್ಪ, ‘ಮತ್ತ ನಿಲ್ಲಲ್ಲ.’)
‘ಲಗೂನ ಒತ್ತಪ್ಪಾ,’ ಎಂದರು ಹೊರಗಿನಿಂದ.
ಒತ್ತಿದೆ.
ಗೆದ್ದವನ ಅಂತರ ಒಂಬೈನೂರು;
ನಮ್ಮ ನಾಲ್ಕು ಯಾರಿಗೂ ಬೇಕಾಗಿರಲಿಲ್ಲ.

ರಾತ್ರಿ ತಣ್ಣಗಿನ ಭಟ್ಟಿಯ ಬಳಿ ಕೂತಿದ್ದೆ.
ಒಂದು ಕೂಗಿತು. ಎರಡು.
ಮೂರು.
ಇನ್ನೊಂದು ಬರಲಿ ಎಂದು ಉಸಿರು ಹಿಡಿದೆ.
ನೀಲವ್ವ ಒಲೆ ಆರಿಸಿದಳು.